ಒಬ್ಬ ಡಾಕ್ಟರ್ ಮೆಟಬಾಲಿಕ್ ಅಂತಾರೆ, ಇನ್ನೊಬ್ಬರು ಇಮ್ಯೂನಿಟಿ ಅಂತಾರೆ, ಯಾರ ಮಾತು ನಂಬೋದು?

ಪ್ರಶ್ನೆ: ಸರ್ ನಮಸ್ತೆ. ನಮ್ಮದು ಕೊಪ್ಪಳ ಜಿಲ್ಲೆ. ಸೋದರಮಾವನಿಗೇ ನನ್ನ ಕೊಟ್ಟಿದ್ದಾರೆ. ಮೊದಲನೇ ಮಗಳಿಗೆ ಮೂರನೇ ತಿಂಗಳಿಂದ ಬಾಯಲ್ಲಿ ಬಿಳಿ ಪದರ, ಭೇದಿ, ಕೆಮ್ಮು, ತೂಕ ಏರಲೇ ಇಲ್ಲ, ಬಿಸಿಜಿ ಹಾಕಿದ ಕಡೆ ಕಂಕುಳಲ್ಲಿ ಗಂಟು ಬಂದಿತ್ತು, ಐದು ತಿಂಗಳಿಗೆ ನ್ಯುಮೋನಿಯಾ ಆಗಿ ಹೋಗ್ಬಿಟ್ಳು. ಐಸಿಯುನಲ್ಲಿ ಒಬ್ಬ ಡಾಕ್ಟರ್ ಮೆಟಬಾಲಿಕ್ ಕಾಯಿಲೆ (ದೇಹದೊಳಗಿನ ರಾಸಾಯನಿಕ ಕೆಲಸ ಕೆಡೋದು) ಇರಬಹುದು ಅಂದ್ರು, ಇನ್ನೊಬ್ಬರು ಇಮ್ಯೂನಿಟಿ ಕಾಯಿಲೆ, ಸ್ಕಿಡ್ ಅಂದ್ರು. ಜೀನ್ ಟೆಸ್ಟ್‌ಗೆ ರಕ್ತ ತಗೊಂಡಿದ್ರು, ಪಾಪು ಹೋದ ಮೇಲೆ ನಾವು ಆ ಕಡೆ ಹೋಗಲೇ ಇಲ್ಲ. ಈಗ ಮಗ ಹುಟ್ಟಿದ್ದಾನೆ, ಒಂಬತ್ತು ವಾರ, ತೂಕ ಚೆನ್ನಾಗಿದೆ, ಹಾಲು ಕುಡೀತಾನೆ, ಆದ್ರೆ ಬಾಯಲ್ಲಿ ಬಿಳಿ ಪದರ ಶುರುವಾಗಿದೆ. ಭಯ ಆಗಿ ಟಿಎಂಎಸ್ (ಮೆಟಬಾಲಿಕ್ ಕಾಯಿಲೆ ಹುಡುಕೋ ರಕ್ತದ ಟೆಸ್ಟ್) ಮಾಡಿಸಿದ್ವಿ, ನಾರ್ಮಲ್ ಬಂತು. ಸಿಬಿಸಿನಲ್ಲಿ ಹಿಮೋಗ್ಲೋಬಿನ್ 10.2, ಟೋಟಲ್ ಕೌಂಟ್ 5,800, ನ್ಯೂಟ್ರೊಫಿಲ್ 79, ಲಿಂಫೋಸೈಟ್ 11. ಇಲ್ಲಿನ ಡಾಕ್ಟರ್ ರಕ್ತ ಕಮ್ಮಿ ಇದೆ ಅಂತ ಟಾನಿಕ್ ಕೊಟ್ಟು ಮುಂದಿನ ತಿಂಗಳು ಬನ್ನಿ ಅಂದ್ರು. ಮುಂದಿನ ವಾರ ಲಸಿಕೆ ಇದೆ, ಹಾಕಿಸಬಹುದಾ? ಇದಕ್ಕೆ ಟ್ರೀಟ್‌ಮೆಂಟ್ ಇದೆಯಾ, ಎಷ್ಟು ದುಡ್ಡಾಗುತ್ತೆ? ಅತ್ತೆ (ನಮ್ಮಜ್ಜಿನೇ) ನನ್ನ ಹೊಟ್ಟೇಲೇ ದೋಷ ಇದೆ ಅಂತಾರೆ. ನನ್ನ ತಂಗಿಗೂ ನಮ್ಮ ಚಿಕ್ಕ ಮಾವನ ಜೊತೆ ಮಾತುಕತೆ ನಡೀತಿದೆ, ಅದಕ್ಕೇನು ಹೇಳಲಿ?

ಉತ್ತರ:

ನೋಡಮ್ಮ, ಮುಂದಿನ ತಿಂಗಳವರೆಗೆ ಕಾಯೋ ವಿಷಯ ಅಲ್ಲ ಇದು, ಈ ವಾರದ್ದು. ಉಳಿದಿದ್ದೆಲ್ಲ ಆಮೇಲೆ ಓದಿ, ಮೊದಲು ಆ ಸಿಬಿಸಿ ಕಾಗದ ಕೈಗೆ ತಗೊಳ್ಳಿ. ಟೋಟಲ್ ಕೌಂಟ್, ಅಂದ್ರೆ ಒಟ್ಟು ಬಿಳಿ ರಕ್ತಕಣ, 5,800, ಅದರಲ್ಲಿ ಲಿಂಫೋಸೈಟ್ (ರೋಗದ ಜೊತೆ ಹೋರಾಡೋ ಒಂದು ಬಗೆ ಬಿಳಿ ಕಣ) ನೂರಕ್ಕೆ 11, ಅಂದ್ರೆ 5,800ನ್ನ 11ರಿಂದ ಗುಣಿಸಿ ನೂರರಿಂದ ಭಾಗಿಸಿದ್ರೆ 638. ಇದಕ್ಕೆ ಅಬ್ಸೊಲ್ಯೂಟ್ ಲಿಂಫೋಸೈಟ್ ಕೌಂಟ್ ಅಂತೀವಿ, ಎಷ್ಟೋ ಲ್ಯಾಬ್‌ಗಳು ಇದನ್ನ ಲೆಕ್ಕ ಹಾಕಿ ಕೊಡೋದೇ ಇಲ್ಲ, ಕೊಟ್ರೂ ಪಕ್ಕದಲ್ಲಿ ದೊಡ್ಡವರ ರೇಂಜ್ ಪ್ರಿಂಟ್ ಮಾಡಿರ್ತಾರೆ. ಎರಡು ತಿಂಗಳ ಮಗೂಗೆ ಬಿಳಿ ರಕ್ತಕಣಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಲಿಂಫೋಸೈಟೇ ಇರಬೇಕು, ಲೆಕ್ಕದಲ್ಲಿ ನಾಲ್ಕೈದು ಸಾವಿರದ ಆಸುಪಾಸು. 2,500ಕ್ಕಿಂತ ಕೆಳಗೆ ಹೋದ್ರೇ ನಾವು ಕುರ್ಚಿಯಿಂದ ಎದ್ದು ನಿಲ್ತೀವಿ, ನಿಮ್ಮ ಮಗಂದು 638. ಹಿಮೋಗ್ಲೋಬಿನ್ 10.2 ಬಗ್ಗೆ ತಲೆ ಕೆಡಿಸ್ಕೋಬೇಡಿ, ಈ ವಯಸ್ಸಲ್ಲಿ ಎಲ್ಲಾ ಮಕ್ಕಳಿಗೂ ಅದು ತಾನಾಗೇ ಇಳಿಯುತ್ತೆ. ನಮ್ಮಲ್ಲಿ ಸಿಬಿಸಿ ಅಂದ್ರೆ ಹಿಮೋಗ್ಲೋಬಿನ್ ಒಂದನ್ನೇ ಓದೋ ಅಭ್ಯಾಸ, ನಾಲ್ಕು ಸಾಲು ಕೆಳಗೆ ಇರೋದನ್ನ ಯಾರೂ ಗುಣಿಸಿ ನೋಡಲ್ಲ, ಇದು ನನಗೆ ಬೇಜಾರಾಗೋ ವಿಷಯ.

ಜೋರು ಇನ್ಫೆಕ್ಷನ್ ಆದಾಗ, ಸ್ಟೀರಾಯ್ಡ್ ಕೊಟ್ಟಾಗ ಕೂಡ ಲಿಂಫೋಸೈಟ್ ಇಳಿಯುತ್ತೆ, ಅದಕ್ಕೇ ನಾಳೆ ನಾಡಿದ್ದರಲ್ಲಿ ಇನ್ನೊಂದು ಸಲ ಮಾಡಿಸಿ ನೋಡ್ಬೇಕು. ಆದ್ರೆ ನಿಮ್ಮ ಮಗ ಈಗ ಆರಾಮಾಗಿದ್ದಾನೆ, ಜ್ವರ ಇದೆ ಅಂತ ನೀವು ಬರೆದಿಲ್ಲ, ಜೊತೆಗೆ ಅಕ್ಕ ಅದೇ ತರ ಹೋಗಿದ್ದಾಳೆ. ಅಕ್ಕನ ಕಥೆ ನೀವು ಬರೆದಿರೋದು ನೋಡಿದ್ರೆ (ಬಾಯಲ್ಲಿ ಹೋಗದ ಫಂಗಸ್, ನಿಲ್ಲದ ಭೇದಿ, ತೂಕ ಏರದಿರೋದು, ಬಿಸಿಜಿ ಕಡೆ ಕಂಕುಳಲ್ಲಿ ಗಂಟು, ಕೊನೆಗೆ ನ್ಯುಮೋನಿಯಾ) ನಾವು ಸ್ಟೂಡೆಂಟ್ಸ್‌ಗೆ ಸ್ಕಿಡ್ ಪಾಠ ಮಾಡುವಾಗ ಬೋರ್ಡ್ ಮೇಲೆ ಬರೆಯೋ ಸಾಲುಗಳೇ ಅವು. ಹಾಗಾಗಿ ಅಲ್ಲ ಅಂತ ಸಾಬೀತಾಗೋವರೆಗೂ ಈ ಮಗೂಗೆ ಸ್ಕಿಡ್ ಇದೆ ಅಂತಾನೇ ನಡ್ಕೋಬೇಕು. ನಾಳೆ ಅಲ್ಲ ಅಂತ ಬಂದ್ರೆ ಒಂದು ಓಡಾಟ ದಂಡ, ಅಷ್ಟೇ ತಾನೇ.

ಸ್ಕಿಡ್ ಅಂದ್ರೆ ಸಿವಿಯರ್ ಕಂಬೈನ್ಡ್ ಇಮ್ಯುನೊ ಡಿಫಿಷಿಯೆನ್ಸಿ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಹೆಚ್ಚುಕಮ್ಮಿ ಸೊನ್ನೆ. ಇದು ಒಂದೇ ಕಾಯಿಲೆ ಅಲ್ಲ, ಬೇರೆ ಬೇರೆ ಜೀನ್ ಕೆಟ್ಟು ಕೊನೆಗೆ ಒಂದೇ ಜಾಗಕ್ಕೆ ಬಂದು ನಿಲ್ಲೋ ಹದಿನೈದಿಪ್ಪತ್ತು ಕಾಯಿಲೆಗಳ ಗುಂಪು. ಅದರಲ್ಲಿ ಜಾಸ್ತಿ ಕಾಣೋ ಒಂದು ತರದ್ದು ಗಂಡು ಮಕ್ಕಳಿಗೆ ಮಾತ್ರ ಬರೋದು. ನಿಮ್ಮ ಮನೇಲಿ ಹೋದದ್ದು ಹೆಣ್ಣು ಮಗು, ಹಾಗಾಗಿ ಅದನ್ನ ಹೆಚ್ಚುಕಮ್ಮಿ ಪಕ್ಕಕ್ಕಿಡಬಹುದು. ಅಪ್ಪ ಅಮ್ಮ ಇಬ್ಬರಿಂದಲೂ ಒಂದೇ ಜೀನ್‌ನ ಒಂದೊಂದು ಕೆಟ್ಟ ಕಾಪಿ ಬಂದ್ರೆ ಆಗೋ ತರದ್ದು ಉಳೀತು. ಅದರಲ್ಲೂ ಒಂದರ ಮೇಲೆ ನನ್ನ ಗುಮಾನಿ, ಎಡಿಎ ಡಿಫಿಷಿಯೆನ್ಸಿ, ಅಡಿನೋಸಿನ್ ಡಿಅಮೈನೇಸ್ ಅನ್ನೋ ಕಿಣ್ವದ ಕೊರತೆ. ಒಟ್ಟು ಸ್ಕಿಡ್ ಮಕ್ಕಳಲ್ಲಿ ನೂರಕ್ಕೆ ಹತ್ತು ಹದಿನೈದು ಇದೇ. ಪತ್ರ ಓದಿ ಇದೇ ಅಂತ ಹೇಳೋಕಾಗಲ್ಲ, ಆರ್‌ಎಜಿ ಅಂತ ಇನ್ನೊಂದು ಜೀನ್‌ನದ್ದೂ ನಮ್ಮಲ್ಲಿ ಸಾಕಷ್ಟು ಸಿಗುತ್ತೆ. ಆದ್ರೆ ಆ ಇಬ್ಬರು ಡಾಕ್ಟರ್ ಮಾತು ಚೆನ್ನಾಗಿ ಒಟ್ಟಿಗೆ ಕೂರೋದು ಇಲ್ಲಿ, ಯಾಕಂದ್ರೆ ಎಡಿಎ ಕೊರತೆ ಮೂಲದಲ್ಲಿ ಮೆಟಬಾಲಿಕ್ ಕಾಯಿಲೆ, ಅದು ಹೊಡೆಯೋದು ಇಮ್ಯೂನಿಟಿಗೆ. ಅವರಿಬ್ಬರೂ ಸುಳ್ಳು ಹೇಳಿಲ್ಲ.

ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ದೇಹದಲ್ಲಿ ಪ್ರತಿ ದಿನ ಜೀವಕೋಶಗಳು ಸಾಯ್ತಾನೇ ಇರ್ತವೆ, ಅವುಗಳ ಡಿಎನ್‌ಎ ಒಡೆದಾಗ ಡಿಆಕ್ಸಿ ಅಡಿನೋಸಿನ್ ಅನ್ನೋ ಪದಾರ್ಥ ಬರುತ್ತೆ, ಅದನ್ನ ಮುಂದಕ್ಕೆ ಸಾಗಿಸೋ ಕೆಲಸ ಈ ಎಡಿಎ ಕಿಣ್ವದ್ದು. ಕಿಣ್ವ ಇಲ್ಲ ಅಂದ್ರೆ ಊರ ಚರಂಡಿ ಕಟ್ಟಿಕೊಂಡ ಹಾಗೆ, ಹಿಂದೆ ಹಿಂದೆ ತುಂಬ್ತಾ ಬರುತ್ತೆ. ತುಂಬೋದು ಎಲ್ಲಾ ಕಡೆನೂ ತುಂಬುತ್ತೆ, ಆದ್ರೆ ಲಿಂಫೋಸೈಟ್‌ಗಳು ಅದನ್ನ ಒಳಗೆಳೆದುಕೊಂಡು ಡಿಎಟಿಪಿ ಅನ್ನೋ ವಿಷ ಮಾಡ್ಕೊಂಡ್ಬಿಡ್ತವೆ, ಆ ಡಿಎಟಿಪಿ ಹೊಸ ಡಿಎನ್‌ಎ ಕಟ್ಟೋ ಯಂತ್ರವನ್ನೇ ನಿಲ್ಲಿಸುತ್ತೆ, ಬೆಳೀಬೇಕಾದ ಕಣ ಥೈಮಸ್‌ನಲ್ಲೇ (ಎದೆಯೊಳಗೆ ಈ ಕಣಗಳು ಬೆಳೆಯೋ ಗ್ರಂಥಿ) ಸತ್ತೋಗುತ್ತೆ. ಲಿಂಫೋಸೈಟ್‌ನ ಮೂರು ಬಗೆ, ಟಿ ಕಣ, ಬಿ ಕಣ, ಎನ್‌ಕೆ ಕಣ, ಮೂರೂ ಖಾಲಿ. ಇದು ಗೊತ್ತಾಗಿದ್ದೂ ಒಂಥರಾ ಆಕಸ್ಮಿಕವಾಗಿ. 1972ರಲ್ಲಿ ಸಿಯಾಟಲ್‌ನ ಎಲೋಯಿಸ್ ಗಿಬ್ಲೆಟ್ ಅಂತ ರಕ್ತದ ತಜ್ಞೆ, ಇಮ್ಯೂನಿಟಿ ಇಲ್ಲದ ಮಗುವಿನ ರಕ್ತ ಅವರ ಹತ್ರ ಬಂದಿದ್ದು ಬೋನ್ ಮ್ಯಾರೋ (ಮೂಳೆ ಮಜ್ಜೆ) ಕಸಿ ಮಾಡೋಕೆ ಮುಂಚೆ ಗುರುತು ಹಿಡಿಯೋ ಟೆಸ್ಟ್‌ಗಳಿಗೆ, ನೋಡಿದ್ರೆ ಎಡಿಎ ಇರಬೇಕಾದ ಜಾಗದಲ್ಲಿ ಏನೂ ಇಲ್ಲ. ಇಮ್ಯೂನಿಟಿ ಕಾಯಿಲೆ ಒಂದಕ್ಕೆ ಇಂಥದ್ದೇ ಕಿಣ್ವ ಕಾರಣ ಅಂತ ಬೆರಳಿಟ್ಟು ತೋರಿಸಿದ್ದು ಅದೇ ಮೊದಲು.

ಹಾಗಾದ್ರೆ ಟಿಎಂಎಸ್ ಯಾಕೆ ನಾರ್ಮಲ್ ಬಂತು ಅಂತ ಕೇಳ್ತೀರಿ. ನಮ್ಮ ಲ್ಯಾಬ್‌ಗಳಲ್ಲಿ ಮಾಮೂಲಾಗಿ ಮಾಡೋ ಟಿಎಂಎಸ್ ನೋಡೋದು ಅಮೈನೋ ಆಸಿಡ್ ಮತ್ತೆ ಅಸೈಲ್ ಕಾರ್ನಿಟಿನ್‌ಗಳನ್ನ. ಮೇಪಲ್ ಸಿರಪ್ ಕಾಯಿಲೆ, ಪಿಕೆಯು, ಆರ್ಗ್ಯಾನಿಕ್ ಆಸಿಡ್ ಕಾಯಿಲೆಗಳು ಅದರಲ್ಲಿ ಸಿಗ್ತವೆ, ಅಡಿನೋಸಿನ್ ಆ ಪಟ್ಟಿಯಲ್ಲೇ ಇಲ್ಲ. ಮೆಟಬಾಲಿಕ್ ಸ್ಕ್ರೀನ್ ನಾರ್ಮಲ್ ಅಂದ ತಕ್ಷಣ ಎಲ್ಲಾ ಮೆಟಬಾಲಿಕ್ ಕಾಯಿಲೆನೂ ಇಲ್ಲ ಅಂತ ಅರ್ಥ ಮಾಡ್ಕೊಂಡು ಮನೆಗೆ ಹೋದವರನ್ನ ಬಹಳ ನೋಡಿದ್ದೀನಿ.

ಈಗ ಟೆಸ್ಟ್ ವಿಷಯ. ಮೊದಲನೇದು ಲಿಂಫೋಸೈಟ್ ಸಬ್‌ಸೆಟ್, ಯಾವ ಬಗೆ ಲಿಂಫೋಸೈಟ್ ಎಷ್ಟಿದೆ ಅಂತ ಎಣಿಸೋದು, ಫ್ಲೋ ಸೈಟೋಮೆಟ್ರಿ ಮಿಷನ್‌ನಲ್ಲಿ ಮಾಡೋದು. ನೇರಳೆ ಮುಚ್ಚಳದ ಟ್ಯೂಬಲ್ಲಿ ಒಂದೆರಡು ಎಂಎಲ್ ರಕ್ತ ಸಾಕು, ಆದ್ರೆ ಅದು ಐಸಲ್ಲಿ ಇಡದೆ ಇಪ್ಪತ್ನಾಲ್ಕು ಗಂಟೆ ಒಳಗೆ, ತೀರಾ ಅಂದ್ರೆ ನಲವತ್ತೆಂಟು ಗಂಟೆ ಒಳಗೆ ಲ್ಯಾಬ್ ಮುಟ್ಟಬೇಕು. ಕೊಪ್ಪಳದಲ್ಲಿ ಶುಕ್ರವಾರ ಸಂಜೆ ತೆಗೆದು ಕೊರಿಯರ್‌ಗೆ ಹಾಕಿದ್ರೆ ಭಾನುವಾರ ಪೂರ್ತಿ ಎಲ್ಲೋ ಗೋಡೌನಲ್ಲಿ ಬಿದ್ದಿರುತ್ತೆ, ಕಣ ಸತ್ತು ರಿಪೋರ್ಟ್ ಏನೇನೋ ಬರುತ್ತೆ, ಸೋಮವಾರನೋ ಮಂಗಳವಾರನೋ ತೆಗೆಸಿ. ನನ್ನ ಕೇಳಿದ್ರೆ ರಕ್ತ ಕಳಿಸೋ ಬದಲು ಮಗೂನೇ ಕರ್ಕೊಂಡು ಬೆಂಗಳೂರಿಗೆ ಹೊರಟುಬಿಡಿ. ರಿಪೋರ್ಟಲ್ಲಿ ಟಿ, ಬಿ, ಎನ್‌ಕೆ ಮೂರೂ ಇಲ್ಲ ಅಂತ ಬಂದ್ರೆ ಎಡಿಎ ಕಡೆಗೆ ವಾಲುತ್ತೆ, ಎನ್‌ಕೆ ಇದ್ದು ಉಳಿದೆರಡು ಇಲ್ಲ ಅಂದ್ರೆ ಆರ್‌ಎಜಿ ತರದ್ದು. ಕೆಲವು ಸಲ ತಾಯಿಯ ಟಿ ಕಣಗಳೇ ಗರ್ಭದಲ್ಲಿದ್ದಾಗ ಮಗೂಗೆ ದಾಟಿ ಬಂದು ಕೂತಿರ್ತವೆ, ಆಗ ಸಂಖ್ಯೆ ಪರವಾಗಿಲ್ಲ ಅನ್ನೋ ಹಾಗೆ ಕಾಣುತ್ತೆ, ಅದಕ್ಕೆ ನೈವ್ ಟಿ ಸೆಲ್ (ಮಗು ತಾನೇ ಹೊಸದಾಗಿ ಮಾಡಿದ ಟಿ ಕಣ) ಕೂಡ ನೋಡಿ ಅಂತ ಚೀಟಿಲಿ ಬರೆಸಿ.

ಎರಡನೇದು ಕೆಂಪು ರಕ್ತಕಣದಲ್ಲಿ ಎಡಿಎ ಎಷ್ಟಿದೆ ಅನ್ನೋ ಟೆಸ್ಟ್. ಇಲ್ಲೊಂದು ಎಡವಟ್ಟು ಇದೆ. ನೀವು ಯಾವುದೋ ಲ್ಯಾಬ್‌ಗೆ ಹೋಗಿ ಎಡಿಎ ಟೆಸ್ಟ್ ಅಂದ್ರೆ ಅವರು ಖುಷಿಯಾಗಿ ಐನೂರು ಆರುನೂರು ತಗೊಂಡು ಮಾಡಿಕೊಡ್ತಾರೆ, ಅದು ಟಿಬಿ ಅನುಮಾನ ಬಂದಾಗ ಎದೆಯ ನೀರು ಹೊಟ್ಟೆಯ ನೀರಲ್ಲಿ ಮಾಡೋ ಎಡಿಎ, ಈ ಕಾಯಿಲೆಗೆ ಅದರಿಂದ ಉಪಯೋಗ ಇಲ್ಲ. ನಿಮಗೆ ಬೇಕಾಗಿರೋದು ಕೆಂಪು ಕಣದ ಒಳಗಿನ ಕಿಣ್ವದ ಲೆಕ್ಕ, ಜೊತೆಗೆ ಆ ಡಿಆಕ್ಸಿ ಅಡಿನೋಸಿನ್ ಕಸದ ಲೆಕ್ಕ, ಇದು ಕೆಲವೇ ಕಡೆ ಆಗುತ್ತೆ, ಇಮ್ಯುನಾಲಜಿ ಡಾಕ್ಟರೇ ಕಳಿಸ್ತಾರೆ. ಇನ್ನೊಂದು, ಮಗೂಗೆ ರಕ್ತ ಏರಿಸಿದ ಮೇಲೆ ಈ ಟೆಸ್ಟ್ ಮಾಡಿದ್ರೆ ದಾನಿಯ ಕೆಂಪು ಕಣದಲ್ಲಿರೋ ಎಡಿಎ ಕಂಡು ನಾರ್ಮಲ್ ಅಂತ ಬಂದ್ಬಿಡುತ್ತೆ. ಏನೇ ಆಗಲಿ ರಕ್ತ ಕೊಡೋಕೆ ಮುಂಚೆ ಸ್ಯಾಂಪಲ್ ತೆಗೆದಿಡಿ ಅಂತ ಹೇಳಿ.

ಎದೆಯ ಎಕ್ಸ್‌ರೇ ಒಂದು ತೆಗೆಸಿ, ಇನ್ನೂರು ಮುನ್ನೂರು ರೂಪಾಯಿದು. ಈ ವಯಸ್ಸಲ್ಲಿ ಹೃದಯದ ಮೇಲ್ಭಾಗದಲ್ಲಿ ಥೈಮಸ್ ನೆರಳು ದಪ್ಪಗೆ ಕಾಣಬೇಕು, ಸ್ಕಿಡ್‌ನಲ್ಲಿ ಆ ಜಾಗ ಖಾಲಿ. ಎಡಿಎ ಕೊರತೆ ಇದ್ರೆ ಎಷ್ಟೋ ಸಲ ಪಕ್ಕೆಲುಬಿನ ಮುಂದಿನ ತುದಿಗಳು ಬಟ್ಟಲಿನಂತೆ ಅಗಲ ಆಗಿರ್ತವೆ, ನೋಡೋ ಕಣ್ಣಿದ್ರೆ ಎಕ್ಸ್‌ರೇ ಒಂದರಲ್ಲೇ ಅನುಮಾನ ಬಂದ್ಬಿಡುತ್ತೆ. ಹಳೇ ಕವರ್‌ನಲ್ಲಿ ಮಗಳ ಎಕ್ಸ್‌ರೇ ಇದ್ರೆ ಅದನ್ನೂ ತಗೊಂಡ್ಹೋಗಿ.

ಆಮೇಲೆ ಜೀನ್ ಟೆಸ್ಟ್. ಮಗಳ ರಕ್ತ ತಗೊಂಡಿದ್ರಲ್ಲ, ಆ ಆಸ್ಪತ್ರೆಗೋ ಲ್ಯಾಬ್‌ಗೋ ಇವತ್ತೇ ಫೋನ್ ಮಾಡಿಸಿ. ರಿಪೋರ್ಟ್ ರೆಡಿಯಾಗಿ ಯಾರೂ ಕೇಳೋರಿಲ್ಲದೆ ಬಿದ್ದಿರಬಹುದು, ಇಲ್ಲಾಂದ್ರೂ ಡಿಎನ್‌ಎ ತೆಗೆದು ಫ್ರೀಜರ್‌ನಲ್ಲಿ ಇಟ್ಟಿರೋ ಸಾಧ್ಯತೆ ಇದೆ. ರಿಪೋರ್ಟ್ ಸಿಕ್ಕಿದ್ರೆ ಮೂರು ನಾಲ್ಕು ವಾರ ಉಳಿಯುತ್ತೆ ನಿಮಗೆ, ಯಾಕಂದ್ರೆ ಹೊಸದಾಗಿ ಎಕ್ಸೋಮ್ (ಎಲ್ಲಾ ಜೀನ್‌ಗಳನ್ನೂ ಒಟ್ಟಿಗೆ ಓದೋ ಟೆಸ್ಟ್) ಮಾಡಿಸಿದ್ರೆ ರಿಪೋರ್ಟ್‌ಗೆ ಮೂರು ನಾಲ್ಕು ವಾರ ಆಗುತ್ತೆ. ಅಲ್ಲಿಗೆ ಹೋಗೋದು ಎಷ್ಟು ಕಷ್ಟ ಅಂತ ಗೊತ್ತು, ನೀವು ಹೋಗಬೇಡಿ, ನಿಮ್ಮ ಯಜಮಾನ್ರನ್ನೋ ತಮ್ಮನನ್ನೋ ಕಳಿಸಿ.

ಲಸಿಕೆ ಬಗ್ಗೆ ಗಟ್ಟಿಯಾಗಿ ಹೇಳ್ತೀನಿ. ಮುಂದಿನ ವಾರ ಹತ್ತನೇ ವಾರದ್ದು ಅಂತ ಪೋಲಿಯೋ ಹನಿ ಮತ್ತೆ ರೋಟಾ ವೈರಸ್ ಹನಿ ಬಾಯಿಗೆ ಹಾಕ್ತಾರೆ, ಇವೆರಡೂ ಜೀವಂತ ಲಸಿಕೆ, ಬೇಡ. ಚುಚ್ಚೋ ಪೆಂಟಾವೇಲೆಂಟ್, ಇಂಜೆಕ್ಷನ್ ಪೋಲಿಯೋ ಸತ್ತ ಲಸಿಕೆ, ಅದರಿಂದ ಅಪಾಯ ಇಲ್ಲ, ಆದ್ರೆ ಈ ಮಗೂಗೆ ಕೆಲಸಾನೂ ಮಾಡಲ್ಲ, ಹಾಗಾಗಿ ಡಯಾಗ್ನೋಸಿಸ್ ಆಗೋವರೆಗೆ ಲಸಿಕೆಗೆ ಅಂತ ಜನ ತುಂಬಿದ ಜಾಗಕ್ಕೆ ಹೋಗೋದೇ ಬೇಡ. ಆಶಾ ಅಕ್ಕ ಮನೆಗೆ ಬಂದು ಜೋರು ಮಾಡಬಹುದು, ಅವರ ಕೆಲಸ ಅದು, ಬೈಬೇಡಿ, ಡಾಕ್ಟರ್ ಹತ್ರ ಒಂದು ಚೀಟಿ ಬರೆಸಿ ತಾಯಿ ಕಾರ್ಡ್‌ಗೆ ಪಿನ್ ಮಾಡಿ ತೋರಿಸಿ. ಇದನ್ನ ಓದ್ತಿರೋ ಬೇರೆಯವರಿಗೆ ಒಂದು ಮಾತು, ಇದು ಈ ಮಗೂಗೆ ಮಾತ್ರ, ನಿಮ್ಮ ಮಕ್ಕಳಿಗೆ ಲಸಿಕೆ ಬಿಡಿಸೋಕೆ ಇದನ್ನ ನೆಪ ಮಾಡ್ಕೋಬೇಡಿ, ಸುತ್ತಮುತ್ತ ಎಲ್ಲಾ ಮಕ್ಕಳೂ ಲಸಿಕೆ ಹಾಕಿಸ್ಕೊಂಡ್ರೇನೇ ಇಂಥ ಮಗು ಬದುಕೋದು. ಒಂದೇ ಮನೇಲಿ ಇರೋ ಬೇರೆ ಕೂಸುಗಳಿಗೆ ಮಾತ್ರ ಹನಿ ಬದಲು ಇಂಜೆಕ್ಷನ್ ಪೋಲಿಯೋ ಹಾಕಿಸಿ.

ಬಿಸಿಜಿ, ಅಂದ್ರೆ ಟಿಬಿಯ ಜೀವಂತ ಲಸಿಕೆ, ಹುಟ್ಟಿದಾಗಲೇ ಹಾಕಿರ್ತಾರೆ, ಈಗ ತೆಗೆಯೋಕಾಗಲ್ಲ. ದಿನಾ ಸ್ನಾನ ಮಾಡಿಸುವಾಗ ಎಡ ತೋಳಿನ ಆ ಕಲೆ ನೋಡಿ, ಹುಣ್ಣು ದೊಡ್ಡದಾಗ್ತಿದೆಯಾ, ಕೀವು ಇದೆಯಾ, ಎಡ ಕಂಕುಳಲ್ಲಿ, ಕತ್ತಿನ ಬುಡದಲ್ಲಿ ಬೆರಳಿಗೆ ಗಂಟು ಸಿಗುತ್ತಾ ಅಂತ. ಸಿಕ್ಕಿದ್ರೆ ಟಿಬಿ ಔಷಧಿ ಶುರು ಮಾಡ್ತಾರೆ. ಆಗ ನಿಮ್ಮ ಡಾಕ್ಟರ್‌ಗೆ ನೆನಪಿಸಿ, ಬಿಸಿಜಿಯಲ್ಲಿರೋ ಬ್ಯಾಕ್ಟೀರಿಯಾಕ್ಕೆ ಪೈರಜಿನಮೈಡ್ ಅನ್ನೋ ಟಿಬಿ ಔಷಧಿ ತಾಗಲ್ಲ, ಅದು ಹುಟ್ಟಾ ರೆಸಿಸ್ಟೆಂಟ್, ಮಾಮೂಲಿ ಟಿಬಿ ಕಿಟ್ ಹಾಗೇ ಕೊಟ್ರೆ ಒಂದು ಮಾತ್ರೆ ದಂಡ ಆಗುತ್ತೆ, ಬೇರೆ ಸೇರಿಸಬೇಕು.

ರಕ್ತ ಏರಿಸೋ ಸಂದರ್ಭ ಬಂದ್ರೆ ಇರ‍್ರೇಡಿಯೇಟ್ ಮಾಡಿದ, ಅಂದ್ರೆ ವಿಕಿರಣ ಹಾಯಿಸಿದ ರಕ್ತನೇ ಆಗಬೇಕು. ಸಾಮಾನ್ಯ ಬಾಟಲಿಯಲ್ಲಿ ದಾನಿಯ ಬಿಳಿ ಕಣಗಳು ಇರ್ತವೆ, ಈ ಮಗೂಗೆ ಅದನ್ನ ಓಡಿಸೋ ಶಕ್ತಿ ಇಲ್ಲ, ಅವೇ ಒಳಗೆ ಸೇರಿ ಮಗುವಿನ ಚರ್ಮ, ಕರುಳು, ಲಿವರ್ ಮೇಲೆ ತಿರುಗಿ ಬೀಳ್ತವೆ, ಹಾಗಾದ್ರೆ ಉಳಿಯೋದು ಬಹಳ ಕಷ್ಟ. ಕೇಸ್‌ಶೀಟ್ ಮೇಲೆ ಕೆಂಪು ಇಂಕಲ್ಲಿ ಬರೆಸಿ, ರಾತ್ರಿ ಡ್ಯೂಟಿ ಡಾಕ್ಟರ್ ಬದಲಾದ್ರೂ ಕಣ್ಣಿಗೆ ಬೀಳಲಿ.

ಮೂರು ಔಷಧಿ ಸಾಮಾನ್ಯವಾಗಿ ತಕ್ಷಣ ಶುರುವಾಗುತ್ತೆ, ನ್ಯುಮೋಸಿಸ್ಟಿಸ್ ಅನ್ನೋ ನ್ಯುಮೋನಿಯಾ ತಡೆಯೋಕೆ ಕೋಟ್ರೈಮೊಕ್ಸಜೋಲ್ ಸಿರಪ್, ಫಂಗಸ್‌ಗೆ ಫ್ಲುಕೊನಜೋಲ್, ಮತ್ತೆ ಮೂರು ನಾಲ್ಕು ವಾರಕ್ಕೊಮ್ಮೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಡ್ರಿಪ್. ಮೊದಲಿನ ಎರಡೂ ಅಗ್ಗದವು, ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗ್ತವೆ, ಆದ್ರೂ ನೀವೇ ಅಂಗಡಿಯಿಂದ ತಂದು ಹಾಕಬೇಡಿ, ಡೋಸ್ ತೂಕದ ಮೇಲೆ ನಿಂತಿರುತ್ತೆ. ಎದೆಹಾಲು ವಿಷಯ ನಮ್ಮ ನಮ್ಮಲ್ಲೇ ಜಗಳ ಇರೋ ವಿಷಯ. ತಾಯಿಗೆ ಸಿಎಂವಿ ಅನ್ನೋ ವೈರಸ್ ಇದ್ರೆ ಹಾಲಲ್ಲಿ ಬರಬಹುದು ಅಂತ ಹೊರದೇಶಗಳಲ್ಲಿ ಎಷ್ಟೋ ಕಡೆ ತಕ್ಷಣ ನಿಲ್ಲಿಸ್ತಾರೆ, ನಮ್ಮಲ್ಲಿ ದೊಡ್ಡವರಲ್ಲಿ ಹೆಚ್ಚಿನವರಿಗೆ ಆ ವೈರಸ್ ಬಂದು ಮೈಯಲ್ಲೇ ಉಳಿದಿರುತ್ತೆ, ಆದ್ರೆ ಹಳ್ಳೀಲಿ ಬಾಟಲಿ ಹಾಲು ಶುರು ಮಾಡಿದ್ರೆ ನೀರಿನ ಇನ್ಫೆಕ್ಷನ್ ಅದಕ್ಕಿಂತ ಬೇಗ ಕೊಲ್ಲುತ್ತೆ. ನನ್ನ ಸಲಹೆ, ಇಮ್ಯುನಾಲಜಿ ಡಾಕ್ಟರ್ ನೋಡಿ ಹೇಳೋವರೆಗೂ ಕುಡಿಸ್ತಾ ಇರಿ. ಬಜೆ ತೇಯ್ದು ನೆಕ್ಕಿಸೋದು, ಜೇನು, ಘುಟ್ಟಿ, ಸ್ನಾನ ಆದ್ಮೇಲೆ ಲೋಬಾನ ಹೊಗೆ, ಎಲ್ಲಾ ಬಂದ್. ತೊಟ್ಟಿಲು ಶಾಸ್ತ್ರ ಇನ್ನೂ ಮಾಡಿಲ್ಲ ಅಂದ್ರೆ ಮುಂದಕ್ಕೆ ಹಾಕಿ, ನೆಗಡಿ ಇರೋರು ಎಷ್ಟೇ ಹತ್ತಿರದವರಾದ್ರೂ ಹೊರಗೇ ನಿಂತು ಮಾತಾಡ್ಲಿ.

ಟ್ರೀಟ್‌ಮೆಂಟ್ ಇದೆಯಾ ಅಂದ್ರಿ. ಇದೆ, ವಾಸಿ ಆಗೋ ಟ್ರೀಟ್‌ಮೆಂಟೇ ಇದೆ, ಅದಕ್ಕೇ ಇಷ್ಟು ಅವಸರ ಮಾಡ್ತಿರೋದು. 2000ರಿಂದ 2009ರವರೆಗೆ ಉತ್ತರ ಅಮೆರಿಕದಲ್ಲಿ ಬೋನ್ ಮ್ಯಾರೋ ಕಸಿ ಆದ 240 ಸ್ಕಿಡ್ ಮಕ್ಕಳ ಲೆಕ್ಕ ತೆಗೆದಿದ್ದಾರೆ. ಮೂರೂವರೆ ತಿಂಗಳ ಒಳಗೆ ಕಸಿ ಆದವರಲ್ಲಿ ಐದು ವರ್ಷದ ನಂತರವೂ ನೂರಕ್ಕೆ 94 ಮಕ್ಕಳು ಬದುಕಿದ್ರು. ಅದೇ ಆ ವಯಸ್ಸು ದಾಟಿ, ಮೈಯಲ್ಲಿ ಇನ್ಫೆಕ್ಷನ್ ಇರುವಾಗಲೇ ಕಸಿ ಆದವರಲ್ಲಿ 50. ವಯಸ್ಸು ದಾಟಿದ್ರೂ ಇನ್ಫೆಕ್ಷನ್ನೇ ಆಗದೆ ಇದ್ದವರಲ್ಲಿ ಮತ್ತೆ 90. ಅಂದ್ರೆ ವಯಸ್ಸಿಗಿಂತ ಇನ್ಫೆಕ್ಷನ್ ಆಗದೆ ಇರೋದೇ ಮುಖ್ಯ, ಮೇಲೆ ಅಷ್ಟುದ್ದ ಬೇಡ ಬೇಡ ಅಂತ ಬರೆದಿದ್ದು ಅದಕ್ಕೇ. ನಿಮ್ಮ ಮಗ ಈಗ ಒಂಬತ್ತು ವಾರ, ಇನ್ನೂ ಗಟ್ಟಿಯಾಗಿದ್ದಾನೆ, ಮಗಳಿಗೆ ಸಿಗದ ಟೈಮ್ ಇವನಿಗಿದೆ.

ಕಸಿಗೆ ಎಲ್ಲಕ್ಕಿಂತ ಒಳ್ಳೆ ಡೋನರ್ ಅಂದ್ರೆ ಒಡಹುಟ್ಟಿದವರು, ನಿಮಗೆ ಆ ದಾರಿ ಇಲ್ಲ. ಆದ್ರೆ ರಕ್ತಸಂಬಂಧದ ಮದುವೆಯಲ್ಲಿ ಒಂದು ವಿಚಿತ್ರ ಅನುಕೂಲ ಇದೆ, ಅಪ್ಪ ಅಮ್ಮನ ಎಚ್‌ಎಲ್‌ಎ ಗುರುತುಗಳಲ್ಲೇ (ಡೋನರ್ ಮ್ಯಾಚ್ ಆಗ್ತಾರಾ ಅಂತ ನೋಡೋ ಜೀವಕೋಶದ ಗುರುತು) ಅರ್ಧ ಒಂದೇ ಆಗಿರೋ ಸಾಧ್ಯತೆ ಇರೋದರಿಂದ ಅಪ್ಪನೋ ಅಮ್ಮನೋ ಅಜ್ಜಿನೋ ಮಾವನೋ ಪೂರ್ತಿ ಮ್ಯಾಚ್ ಆಗಿಬಿಡೋದುಂಟು. ಹಾಗಾಗಿ ಮನೆಯವರೆಲ್ಲರದ್ದೂ ಎಚ್‌ಎಲ್‌ಎ ಮಾಡಿಸಿ, ಕೆಲವು ಕಡೆ ಕೆನ್ನೆ ಒಳಗೆ ಹತ್ತಿ ಕಡ್ಡಿ ಸವರಿ ತೆಗೆದ್ರೂ ಆಗುತ್ತೆ. ಡೋನರ್ ಈ ಕಾಯಿಲೆಯ ಕ್ಯಾರಿಯರ್ (ಒಂದು ಕಾಪಿ ಮಾತ್ರ ಕೆಟ್ಟಿದ್ದು ತಾವು ಆರಾಮಾಗಿರೋರು) ಆಗಿದ್ರೂ ತೊಂದರೆ ಇಲ್ಲ, ಅರ್ಧ ಕಿಣ್ವ ಸಾಕು. ಕುಟುಂಬದಲ್ಲೇ ಪೂರ್ತಿ ಮ್ಯಾಚ್ ಸಿಕ್ಕಿದ್ರೆ ಎಡಿಎ ಮಕ್ಕಳಿಗೆ ಎಷ್ಟೋ ಸಲ ಕೀಮೋ ಕೊಡದೇನೇ ಮ್ಯಾರೋ ಕೊಡಬಹುದು, ಬದುಕೋರು ನೂರಕ್ಕೆ ಎಂಬತ್ತರ ಮೇಲೆ. ಸಿಗದಿದ್ರೆ ಅಪ್ಪ ಅಥವಾ ಅಮ್ಮನಿಂದ ಹಾಫ್ ಮ್ಯಾಚ್, ಅದು ಜಾಸ್ತಿ ರಿಸ್ಕ್, ಆದ್ರೆ ಈಗ ನಮ್ಮ ದೇಶದಲ್ಲೂ ಮಾಡೋರಿದ್ದಾರೆ.

ಗೂಗಲ್‌ನಲ್ಲಿ ಹುಡುಕಿದ್ರೆ ಇನ್ನೆರಡು ಸಿಗುತ್ತೆ, ಅದಕ್ಕೇ ಹೇಳ್ಬಿಡ್ತೀನಿ. ಒಂದು ಕಿಣ್ವದ ಇಂಜೆಕ್ಷನ್, 1990ರಲ್ಲೇ ಅಮೆರಿಕದಲ್ಲಿ ಒಪ್ಪಿಗೆ ಆಗಿದ್ದು, ಹೊಸ ರೂಪ 2018ರಲ್ಲಿ ಬಂತು, ವಾರ ವಾರ ಚುಚ್ಚಬೇಕು, ಕಸಿ ಆಗೋವರೆಗೆ ಮಗೂನ ದಾಟಿಸೋಕೆ ಬಹಳ ಒಳ್ಳೇದು, ಆದ್ರೆ ಬೆಲೆ ನಮ್ಮ ಕುಟುಂಬಗಳ ಕೈಗೆ ಎಟುಕೋದಲ್ಲ. ಇನ್ನೊಂದು ಜೀನ್ ಥೆರಪಿ, ಜೀನ್‌ನ ಸರಿಯಾದ ಕಾಪಿಯನ್ನ ಮಗುವಿನ ಕಣಗಳಿಗೇ ಸೇರಿಸೋದು. ಈ ಕಾಯಿಲೆಗೂ ಅದಕ್ಕೂ ಹಳೇ ನಂಟು, 1990ರ ಸೆಪ್ಟೆಂಬರ್ 14ರಂದು ಅಮೆರಿಕದ ಎನ್‌ಐಎಚ್‌ನಲ್ಲಿ ನಾಲ್ಕು ವರ್ಷದ ಹುಡುಗಿಗೆ ಕೊಟ್ಟ ಮೊದಲ ಅಧಿಕೃತ ಜೀನ್ ಥೆರಪಿ ಎಡಿಎ ಕೊರತೆಗೇ. 2016ರಲ್ಲಿ ಯುರೋಪಲ್ಲಿ ಒಪ್ಪಿಗೆ ಸಿಕ್ಕಿದ್ದಕ್ಕೆ ಸುಮಾರು ಆರು ಲಕ್ಷ ಯೂರೋ ಬೆಲೆ ಇಟ್ರು, ಅದನ್ನ ಮಿಲಾನ್‌ನಲ್ಲಿ ಕೊಡ್ತಿದ್ರು. ಆಮೇಲೆ ಜೀನ್ ಹೊತ್ತೊಯ್ಯೋಕೆ ಬೇರೆ ವೈರಸ್ ಬಳಸಿ ಅಮೆರಿಕ ಇಂಗ್ಲೆಂಡಲ್ಲಿ 50 ಮಕ್ಕಳಿಗೆ ಮಾಡಿದ್ದು 2021ರಲ್ಲಿ ಪ್ರಕಟ ಆಯ್ತು, ಐವತ್ತೂ ಮಕ್ಕಳು ಬದುಕಿದ್ರು. ಓದೋಕೆ ಕಣ್ಣು ತುಂಬಿ ಬರುತ್ತೆ, ಆದ್ರೆ ನೀವು ಈಗ ಅದರ ಹಿಂದೆ ಹೋಗಿ ವಾರಗಳನ್ನ ಕಳ್ಕೋಬೇಡಿ, ಕೈಯಲ್ಲಿರೋದು ಕಸಿ. ಕಸಿ ಆದ ಮೇಲೂ ಕಿವಿ ಟೆಸ್ಟ್, ಕಲಿಕೆ, ಶ್ವಾಸಕೋಶ ನೋಡ್ತಾ ಇರಬೇಕು, ಕಿಣ್ವದ ಕೊರತೆ ಇಡೀ ದೇಹದ್ದು, ಎಡಿಎ ಮಕ್ಕಳಲ್ಲಿ ಕೆಲವರಿಗೆ ಕಿವಿ ಕೇಳಲ್ಲ, ಅದನ್ನ ಕಸಿ ಸರಿ ಮಾಡಲ್ಲ.

ದುಡ್ಡು. ಮ್ಯಾಚ್ ಸಿಕ್ಕಿದ್ರೂ ಹತ್ತು ಲಕ್ಷ ದಾಟುತ್ತೆ, ಹಾಫ್ ಮ್ಯಾಚ್ ಅಂದ್ರೆ ಅದರ ಎರಡು ಪಟ್ಟು ಮೀರಬಹುದು, ಇನ್ಫೆಕ್ಷನ್ ಆದಷ್ಟೂ ಬಿಲ್ ಬೆಳೆಯುತ್ತೆ. ಆದ್ರೆ ಹೊಲ ಮಾರೋ ಮಾತು ಈಗಲೇ ಬೇಡ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್ ಮೊದಲನೇ ಗುಂಪಲ್ಲೇ ಇದೆ, ಒಂದೇ ಸಲದ ಚಿಕಿತ್ಸೆಯಿಂದ ವಾಸಿ ಆಗೋ ಕಾಯಿಲೆಗಳ ಗುಂಪು ಅದು. ಸರ್ಕಾರ ಕೊಡೋ ನೆರವಿಗೆ ಮೊದಲು 20 ಲಕ್ಷ ಅಂತಿದ್ದ ಮಿತಿಯನ್ನ 2022ರಲ್ಲಿ 50 ಲಕ್ಷಕ್ಕೆ ಏರಿಸಿದ್ರು. ಆ ದುಡ್ಡು ನಿಮ್ಮ ಕೈಗೆ ಬರಲ್ಲ, ಗುರುತಿಸಿದ ಸೆಂಟರ್ ಆಫ್ ಎಕ್ಸಲೆನ್ಸ್ ಮೂಲಕ ಹೋಗುತ್ತೆ. ನಮ್ಮ ರಾಜ್ಯದಲ್ಲಿ ಅದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯ ಜೊತೆ ಸೇರಿ ನಡೆಯೋದು. ಅದಕ್ಕೇ ಬೆಂಗಳೂರಿಗೆ ಬಂದ್ರೆ ಮೊದಲು ಅಲ್ಲಿಗೇ ಹೋಗಿ ಹೆಸರು ನೋಂದಾಯಿಸಿ, ಖಾಸಗಿಯಲ್ಲಿ ಅರ್ಧ ಖರ್ಚು ಮಾಡಿ ಆಮೇಲೆ ಬಿಲ್ ಹಿಡ್ಕೊಂಡು ಹೋದ್ರೆ ಕಷ್ಟ. ಆಧಾರ್, ಬಿಪಿಎಲ್ ಕಾರ್ಡ್, ಮಗುವಿನ ಜನನ ಪತ್ರ, ಮಗಳ ಡಿಸ್ಚಾರ್ಜ್ ಸಮ್ಮರಿ ಒಂದು ಫೈಲ್ ಮಾಡಿ. ಹೊರಡೋ ಮುಂಚೆ ಫೋನ್ ಮಾಡಿ, ಸ್ಕಿಡ್ ಅನುಮಾನದ ಮಗು, ಒಪಿಡಿ ಕ್ಯೂನಲ್ಲಿ ಕೂರಿಸೋಕಾಗಲ್ಲ ಅಂತ ಹೇಳಿ, ಸ್ಕಿಡ್ ಅಂದ ಕೂಡಲೇ ಅವರಿಗೆ ಅರ್ಥ ಆಗುತ್ತೆ. ಕಸಿ ಎಲ್ಲಿ ಅಂತ ಅವರೇ ದಾರಿ ಹೇಳ್ತಾರೆ, ಬೆಂಗಳೂರಲ್ಲೂ ಆಗುತ್ತೆ, ವೆಲ್ಲೂರು ಸಿಎಂಸಿಯಲ್ಲೂ ಮಾಡ್ತಾರೆ.

ಇನ್ನು ನಿಮ್ಮಜ್ಜಿ ಮಾತು. ಈ ಕಾಯಿಲೆ ಬರೋಕೆ ಅಪ್ಪಂದೊಂದು ಅಮ್ಮಂದೊಂದು ಎರಡೂ ಕಾಪಿ ಕೆಟ್ಟಿರಬೇಕು, ಒಬ್ಬರ ಹೊಟ್ಟೆಯ ದೋಷದಿಂದ ಬರೋಕೆ ಸಾಧ್ಯನೇ ಇಲ್ಲ. ನಿಮ್ಮ ಮನೆಯ ಲೆಕ್ಕ ನೋಡಿ, ಕೆಟ್ಟ ಕಾಪಿ ಬಹುಶಃ ಅಜ್ಜನಲ್ಲೋ ಅಜ್ಜಿಯಲ್ಲೋ ಇತ್ತು, ಅಲ್ಲಿಂದ ಒಂದು ಸಾಲು ನೇರ ನಿಮ್ಮ ಯಜಮಾನ್ರಿಗೆ ಬಂತು, ಇನ್ನೊಂದು ಸಾಲು ನಿಮ್ಮಮ್ಮನಿಗೆ, ಅವರಿಂದ ನಿಮಗೆ. ಎರಡೂ ಹೋಗಿ ಸೇರೋದು ಒಂದೇ ಮನೆಗೆ. ಇದನ್ನ ಅಜ್ಜಿಗೆ ತಿರುಗಿಸಿ ಹೇಳಿ ಅಂತ ಅಲ್ಲ, ಅವರಿಗೂ ಗೊತ್ತಿರಲಿಲ್ಲ, ನಮ್ಮೆಲ್ಲರ ಮೈಯಲ್ಲೂ ಇಂಥ ಒಂದೆರಡು ಕೆಟ್ಟ ಕಾಪಿ ಸುಮ್ಮನೆ ಇರ್ತವೆ. ಆದ್ರೆ ಡಾಕ್ಟರ್ ಹತ್ರ ಕೌನ್ಸೆಲಿಂಗ್‌ಗೆ ಹೋಗುವಾಗ ಅವರನ್ನೂ ಕರ್ಕೊಂಡು ಹೋಗಿ, ವಂಶದ ಚಿತ್ರ ಕಾಗದದ ಮೇಲೆ ಬರೆದು ತೋರಿಸಿದ್ರೆ ಎಷ್ಟೋ ಅಜ್ಜಿಯಂದಿರ ಬಾಯಿ ನಿಂತಿದ್ದನ್ನ ನೋಡಿದ್ದೀನಿ. ರಕ್ತಸಂಬಂಧದ ಮದುವೆ ಕರ್ನಾಟಕದಲ್ಲಿ ಇವತ್ತಿಗೂ ಸುಮಾರು ನಾಲ್ಕರಲ್ಲಿ ಒಂದು, 1980ರ ದಶಕದಲ್ಲೇ ಬೆಂಗಳೂರಿನ ಐಐಎಸ್‌ಸಿಯವರು ಲಕ್ಷಕ್ಕೂ ಮೀರಿ ನವಜಾತ ಶಿಶುಗಳ ರಕ್ತ ತಗೊಂಡು ಮೆಟಬಾಲಿಕ್ ಕಾಯಿಲೆ ಹುಡುಕಿದ್ರು. ಅಷ್ಟು ಹಿಂದೆ ಶುರು ಮಾಡಿದ ರಾಜ್ಯದಲ್ಲಿ ಇವತ್ತಿಗೂ ಪ್ರತಿ ಮಗುವಿನ ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಸ್ಕಿಡ್ ನೋಡೋ ಪದ್ಧತಿ ಇಲ್ಲ. ಅಮೆರಿಕದಲ್ಲಿ 2008ರಲ್ಲಿ ವಿಸ್ಕಾನ್ಸಿನ್ ಶುರು ಮಾಡ್ತು, 2018ರ ಹೊತ್ತಿಗೆ ಎಲ್ಲಾ ರಾಜ್ಯಗಳಲ್ಲೂ ಬಂತು.

ಮುಂದಿನ ಮಗು ಬೇಕು ಅಂದ್ರೆ ಪ್ರತಿ ಸಲವೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಎರಡು ಮಕ್ಕಳಿಗೆ ಆಯ್ತಲ್ಲ ಇನ್ನು ಆಗಲ್ಲ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಜೀನ್ ರಿಪೋರ್ಟ್ ಕೈಯಲ್ಲಿದ್ರೆ ಹನ್ನೊಂದರಿಂದ ಹದಿಮೂರು ವಾರದ ಗರ್ಭದಲ್ಲೇ ಟೆಸ್ಟ್ ಮಾಡಿ ಹೇಳಬಹುದು, ರಿಪೋರ್ಟ್ ಇಲ್ಲದೆ ಬಸುರಿಯಾಗಿ ಬಂದ್ರೆ ನಮ್ಮ ಕೈ ಕಟ್ಟಿಹಾಕಿದ ಹಾಗೆ.

ತಂಗಿ ವಿಷಯ ಕೊನೆಗೆ ಕೇಳಿದ್ದೀರಿ, ಆದ್ರೆ ಅದೂ ಚಿಕ್ಕದಲ್ಲ. ನಿಮ್ಮಮ್ಮ ಕ್ಯಾರಿಯರ್ ಆಗಿದ್ರೆ ತಂಗಿ ಕ್ಯಾರಿಯರ್ ಆಗಿರೋ ಸಾಧ್ಯತೆ ಅರ್ಧ, ಚಿಕ್ಕ ಮಾವನದ್ದೂ ಅರ್ಧ, ಇಬ್ಬರೂ ಆಗಿದ್ದು ಮಗೂಗೆ ಬರೋದು ಹದಿನಾರರಲ್ಲಿ ಒಂದು. ಊರಲ್ಲಿ ಯಾರೋ ಇಬ್ಬರು ಮದುವೆ ಆದ್ರೆ ಇರೋ ಅಪಾಯಕ್ಕೆ ಹೋಲಿಸಿದ್ರೆ ಇದು ಬಹಳ ದೊಡ್ಡದು. ಮದುವೆ ಮುರೀರಿ ಅಂತ ನಾನು ಹೇಳಲ್ಲ, ಅದು ನಿಮ್ಮ ಮನೆ ಮಾತು, ಆದ್ರೆ ತಾಂಬೂಲ ಬದಲಾಯಿಸೋದನ್ನ ಎರಡು ತಿಂಗಳು ತಡೀರಿ. ಮಗುವಿನ ಜೀನ್ ರಿಪೋರ್ಟ್ ಬಂದ ಮೇಲೆ ಅದೇ ಒಂದು ಜಾಗ ಮಾತ್ರ ಅವರಿಬ್ಬರಲ್ಲಿ ನೋಡಿದ್ರೆ ಸಾಕು, ಪೂರ್ತಿ ಎಕ್ಸೋಮ್ ಬೇಡ, ಕೆಲವು ಸಾವಿರದಲ್ಲಿ ಮುಗಿಯುತ್ತೆ. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಅಂತ ಬಂದ್ರೂ ಈ ಕಾಯಿಲೆಯ ಭಯ ಬಿಟ್ಟು ಮುಂದುವರೀಬಹುದು. ಇಬ್ಬರಿಗೂ ಇದೆ ಅಂತ ಬಂದ್ರೆ ಅವರಿಬ್ಬರನ್ನೇ ಕೂರಿಸಿ ಹೇಳಿ, ದೊಡ್ಡವರ ಮುಂದೆ ಅಲ್ಲ. ಆದ್ರೆ ಇದೆಲ್ಲ ಆಮೇಲೆ, ನಾಳೆ ಬೆಳಿಗ್ಗೆ ಮೊದಲು ಸಿಬಿಸಿ ಮತ್ತೊಮ್ಮೆ ಮಾಡಿಸಿ, ಎಕ್ಸ್‌ರೇ ತೆಗೆಸಿ, ರಾತ್ರಿನೇ ಹೊರಡಿ. ಬಸ್ ಬೇಡ, ಆಗೋದಾದ್ರೆ ಕಾರ್ ಮಾಡ್ಕೊಂಡು ಬನ್ನಿ.